ನೇಯ್ಗೆಯ ಹುಡುಗಿಗೆ ನಾನು ಕೊಟ್ಟ ದನಿ

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಮೊದಲು ಕಣ್ಣಿನ ಆಪರೇಷನ್ ಆಗಲಿ ಅಂದುಕೊಂಡೆ, ಆಯಿತು. ಆಮೇಲೆ ಮೊಮ್ಮಗಳ ಮದುವೆ ಮುಗಿಯಲಿ ಅಂದುಕೊಂಡೆ, ಅದೂ ಮುಗಿಯಿತು. ಈಗ ಮುಂದಕ್ಕೆ ಹಾಕಲು ನೆಪಗಳು ಉಳಿದಿಲ್ಲ. ದಣಿವೊಂದು ಉಳಿದಿದೆ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ನನಗೆ ಈಗ ಅದಿಲ್ಲ.

ನಾನು ನಾಟಕದ ಮೇಷ್ಟ್ರು. ಹಾರ್ಮೋನಿಯಂ ಇಟ್ಟುಕೊಂಡು ಹಳ್ಳಿಯವರಿಗೆ ಪೌರಾಣಿಕ ನಾಟಕ ಕಲಿಸುವವನು. ವಯಸ್ಸಿನಲ್ಲಿ ಹೆಣ್ಣು ಪಾತ್ರ ಕಟ್ಟುತ್ತಿದ್ದೆ. ಅಷ್ಟು ಸಾಕು. ಇಲ್ಲಿ ಹೇಳಬೇಕಾಗಿರುವುದು ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ, ಟಿ.ವಿ. ಕಾರ್ಟೂನಿನ ಒಂದೇ ಒಂದು ಕಂತಿಗೆ ಕನ್ನಡ ಮಾತು ಕೂರಿಸಿದ ಕೆಲಸದ ವಿಷಯ.

ಚಳ್ಳಕೆರೆಯಲ್ಲಿ ಒಂದು ಎಣ್ಣೆ ಗಿರಣಿಯ ಹಿಂದೆ, ಮಹಡಿಯ ಮೇಲೆ, ಒಂದು ರೆಕಾರ್ಡಿಂಗ್ ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರೆ ಒಂದೇ ಕೋಣೆ. ನಡುವೆ ಗಾಜು ಹಾಕಿ ಎರಡು ಮಾಡಿದ್ದು. ಅದರ ಮಾಲೀಕ ಆಟೋಗಳಲ್ಲಿ ಕೂಗಿಸುವ ಪ್ರಚಾರದ ಮಾತು, ಭಜನೆ ಹಾಡು ಇಂಥವನ್ನು ಮುದ್ರಿಸಿ ಕೊಡುತ್ತಿದ್ದ. ಹೊರಗಿನ ಸದ್ದು ಬರಬಾರದೆಂದು ನಾಲ್ಕೂ ಗೋಡೆಗೆ ನಮ್ಮೂರ ಕರಿ ಕಂಬಳಿ ಹೊಡೆದಿದ್ದ. ಬಾಗಿಲು ಹಾಕಿದರೆ ಕುರಿಹಟ್ಟಿಯಲ್ಲಿ ನಿಂತ ಹಾಗೆ. ಸದ್ದಿನ ಜೊತೆಗೆ ಗಾಳಿಯೂ ನಿಂತುಬಿಡುತ್ತಿತ್ತು. ಮುದ್ರಿಸುವಾಗ ಫ್ಯಾನ್ ಹಾಕುವಂತಿರಲಿಲ್ಲ. ಕೆಳಗಿನ ಗಿರಣಿ ಶುರುವಾದರೆ ನೆಲವೇ ನಡುಗುತ್ತಿದ್ದರಿಂದ, ಗಿರಣಿಯವರು ಊಟಕ್ಕೆ ನಿಲ್ಲಿಸಿದಾಗ ಮತ್ತು ಕರೆಂಟ್ ಹೋಗಿ ನಮ್ಮ ಬ್ಯಾಟರಿ ಮಾತ್ರ ಉಳಿದಾಗ ನಮ್ಮ ಕೆಲಸ ಓಡುತ್ತಿತ್ತು.

ಮಾಲೀಕನಿಗೆ ಹೊರಗಿನ ಕಂಪನಿಯೊಂದು ಒಂದು ಕಂತು ಕೊಟ್ಟಿತ್ತು. ಇದು ಸರಿ ಬಂದರೆ ಉಳಿದ ಕಂತುಗಳೂ ನಿಮಗೇ ಅಂದಿದ್ದರಂತೆ. ಅವನು ನನ್ನನ್ನು ಕರೆಸಿ, "ಮೇಷ್ಟ್ರೆ, ಇದು ಪುರಾಣ. ನಿಮ್ದೇ ಲೈನು" ಅಂದ.

"ಯಾರ ಪುರಾಣನೋ?"

"ಗ್ರೀಕರದು."

"ಅವರಿಗೂ ಪುರಾಣ ಐತಾ?"

"ಐತ್ರಿ. ನಮ್ಮೋರ ದೇವರಂಗೇ ಅವ್ರೂ ಸಣ್ಣದಕ್ಕೆಲ್ಲಾ ಶಾಪ ಕೊಡ್ತಾರೆ."

ಕೆಲಸ ಹೀಗಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಓಡುತ್ತದೆ. ಪಾತ್ರದ ಬಾಯಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂದು ನೋಡಬೇಕು. ಅಷ್ಟೇ ಜಾಗದಲ್ಲಿ ಕನ್ನಡದ ಮಾತು ಕೂರಬೇಕು. ತುಟಿ ಕೂಡಿದ ಕಡೆ 'ಪ', 'ಬ', 'ಮ' ಬಂದರೆ ಒಳ್ಳೆಯದು. ಬಾಯಿ ಅಗಲವಾದ ಕಡೆ 'ಆ' ಬರಬೇಕು. ಕಂಪನಿಯವರು ಕಳಿಸಿದ ಕನ್ನಡ ಯಂತ್ರ ಮಾಡಿದ ಅನುವಾದದ ಹಾಗಿತ್ತು, ಬಾಯಿ ಮುಚ್ಚಿದ ಮೇಲೂ ಮಾತು ಉಳಿದಿರುತ್ತಿತ್ತು. ನಾನು ತೊಡೆಯ ಮೇಲೆ ತಾಳ ಹಾಕಿ ಬಾಯಿಯ ಏರಿಳಿತ ಹಿಡಿಯುತ್ತಿದ್ದೆ. ತಾಳಕ್ಕೆ ತಕ್ಕಂತೆ ಮಾತನ್ನು ಕತ್ತರಿಸಿ, ತಿರುಗಿಸಿ ಬರೆಯುತ್ತಿದ್ದೆ. ಹೀಗೆ ಒಂದು ನಿಮಿಷದ ಚಿತ್ರಕ್ಕೆ ಅರ್ಧ ದಿನ ಹೋಗುತ್ತಿತ್ತು. ಸಂಜೆ ಕಣ್ಣು ಮುಚ್ಚಿದರೆ ಬಣ್ಣಬಣ್ಣದ ಬಾಯಿಗಳೇ ಕಾಣುತ್ತಿದ್ದವು.

ಆ ಕಂತಿನ ಕಥೆ ಇಷ್ಟು. ಬಟ್ಟೆಗೆ ಬಣ್ಣ ಹಾಕುವವನ ಮಗಳೊಬ್ಬಳು ಅದ್ಭುತವಾಗಿ ನೇಯುತ್ತಾಳೆ. ಊರವರು "ನೇಯ್ಗೆಯ ದೇವತೆಯೇ ನಿನಗೆ ಕಲಿಸಿರಬೇಕು" ಅನ್ನುತ್ತಾರೆ. ಅವಳು "ಯಾರೂ ಕಲಿಸಿಲ್ಲ, ನನ್ನ ಕೈಯೇ ಕಲಿತದ್ದು" ಅನ್ನುತ್ತಾಳೆ. ದೇವತೆಗೆ ಸಿಟ್ಟು ಬರುತ್ತದೆ, ಮುದುಕಿಯ ವೇಷದಲ್ಲಿ ಬಂದು ಕ್ಷಮೆ ಕೇಳು ಅನ್ನುತ್ತಾಳೆ. ಹುಡುಗಿ ಕೇಳುವುದಿಲ್ಲ. ಇಬ್ಬರಿಗೂ ನೇಯುವ ಪಂದ್ಯ ನಡೆಯುತ್ತದೆ. ದೇವತೆ ದೇವರುಗಳ ವೈಭವ ನೇಯುತ್ತಾಳೆ. ಹುಡುಗಿ, ವೇಷ ಮರೆಸಿಕೊಂಡು ಬಂದು ಹೆಂಗಸರಿಗೆ ಮೋಸ ಮಾಡಿದ ಗಂಡು ದೇವರುಗಳನ್ನು ನೇಯುತ್ತಾಳೆ. ದೇವತೆಗೆ ಅವಳ ಬಟ್ಟೆಯಲ್ಲಿ ಒಂದೆಳೆ ತಪ್ಪೂ ಸಿಗುವುದಿಲ್ಲ. ಸಿಗದ ಸಿಟ್ಟಿಗೆ ಬಟ್ಟೆಯನ್ನು ಹರಿದು, ಹುಡುಗಿಯನ್ನು ಜೇಡ ಮಾಡುತ್ತಾಳೆ. ಜೇಡವಾಗುವ ಮುಂಚೆ ಹುಡುಗಿ ಹೇಳುವುದು ಒಂದೇ ಮಾತು: "ಹರಿದರೇನು, ನೇಯ್ದವಳು ನಾನೇ."

ಕಾರ್ಟೂನು ಮಾಡಿದವರು ಇನ್ನೊಂದು ಕೆಲಸ ಮಾಡಿದ್ದರು. ಆ ಮನೆಯಲ್ಲಿ ಅಪ್ಪ ಅಂಬಲಿ ಕಾಯಿಸುತ್ತಾನೆ, ತಮ್ಮ ನೀರು ತರುತ್ತಾನೆ, ಮಗಳು ಮಗ್ಗ ಬಿಟ್ಟು ಏಳುವುದೇ ಇಲ್ಲ. ಅಪ್ಪ ಬಟ್ಟಲು ಹಿಡಿದು ಮಗಳ ಹತ್ತಿರ ಬಂದು, "ಉಂಡು ನೇಯಿ" ಅನ್ನುತ್ತಾನೆ. ನನಗೆ ಅದು ಸರಿಕಾಣಲಿಲ್ಲ. ನಮ್ಮ ಮಕ್ಕಳು ನೋಡುವುದಲ್ಲವೇ ಅಂದುಕೊಂಡೆ. ಚಿತ್ರ ತಿದ್ದಲು ಆಗುವುದಿಲ್ಲ, ಮಾತು ತಿದ್ದಬಹುದು. ಅಪ್ಪ ತಿರುವುತ್ತಿದ್ದ ಅಂಬಲಿಯನ್ನು ನಾನು ಬಣ್ಣದ ಹಂಡೆ ಮಾಡಿದೆ. "ಉಂಡು ನೇಯಿ" ಅನ್ನುವುದನ್ನು "ಈ ಬಣ್ಣ ನೋಡು" ಅಂತ ಮಾಡಿದೆ. ಅವಳು ಆ ಬಣ್ಣವನ್ನು ಚಮಚದಲ್ಲಿ ಕುಡಿಯುತ್ತಿರುವುದನ್ನು ಮಾಲೀಕ ತೋರಿಸಿದಾಗ, ಆ ಒಂದು ಕಡೆ ಸಂಗೀತ ಜೋರು ಮಾಡು ಅಂದೆ. "ಯಾರೂ ಕಲಿಸಿಲ್ಲ" ಎಂದಿದ್ದದ್ದು "ಅಪ್ಪ ಕಲಿಸಿದ" ಎಂದಾಯಿತು. ಯಾರೂ ನನಗೆ ಹೀಗೆ ಮಾಡೆಂದು ಹೇಳಿರಲಿಲ್ಲ. ಕಂಪನಿಯಲ್ಲಿ ಕನ್ನಡ ಬಲ್ಲವರೇ ಇದ್ದಂತಿರಲಿಲ್ಲ.

ಮೊದಲ ತೊಡಕು ಮಗ್ಗದ ಸದ್ದಿನದು. ಕಂಪನಿ ಕಳಿಸಿದ್ದರಲ್ಲಿ ಮಾತು ಒಂದು ಕಡೆ, ಸಂಗೀತ ಮತ್ತು ಸದ್ದು ಒಂದು ಕಡೆ ಬೇರೆಬೇರೆ ಇರಬೇಕಿತ್ತು. ಮಗ್ಗದ ಸದ್ದು ಮಾತ್ರ ಇಂಗ್ಲಿಷ್ ಮಾತಿನ ಜೊತೆ ಸೇರಿಹೋಗಿತ್ತು. ಮಾತು ತೆಗೆದರೆ ಮಗ್ಗವೂ ಹೋಗುತ್ತಿತ್ತು. ಹುಡುಗಿ ಕೈಯಾಡಿಸುತ್ತಾಳೆ, ಏನೂ ಕೇಳಿಸುವುದಿಲ್ಲ. ಮಾಲೀಕ ಮೇಜು ಕುಟ್ಟಿ ನೋಡಿದ, ಬಾಗಿಲ ಚಿಲಕ ಆಡಿಸಿ ನೋಡಿದ. ಕಡೆಗೆ ನಾನೇ, "ಮೊಳಕಾಲ್ಮೂರು ಇಟ್ಕೊಂಡು ಚಿಲಕ ಯಾಕೋ ಆಡಿಸ್ತೀಯ, ನಡಿ" ಅಂದೆ.

ಅಲ್ಲಿ ನನ್ನ ಹಳೆಯ ಗೆಳೆಯನೊಬ್ಬನಿದ್ದ. ರೇಷ್ಮೆ ಸೀರೆ ನೇಯುವ ಮನೆತನ. ನಾಟಕದಲ್ಲಿ ಅವನು ರಾಜ, ನಾನು ರಾಣಿ. ಬಸ್ಸಿನಲ್ಲಿ ಬಿ.ಜಿ. ಕೆರೆ ದಾಟಿ, ಹಾನಗಲ್ಲಿನಲ್ಲಿ ತಿರುಗಿ, ಅವನ ಬಾಗಿಲಲ್ಲಿ ನಿಂತಾಗ ಅವನು ಕೂತಲ್ಲಿಂದಲೇ ಕೂಗಿದ.

"ಏಮಿ ರಾಣಿ, ಇಷ್ಟು ದಿನಕ್ಕೆ ರಾಜನ ನೆನಪಾಯ್ತಾ? ಹಲ್ಲೆಲ್ಲಾ ಎಲ್ಲಿ ಮಾರ್ಕೊಂಡೆ?"

"ನಿನ್ನ ಕಿರೀಟ ಮಾರ್ಕೊಂಡಲ್ಲೇ. ಮಗ್ಗ ತೋರ್ಸಲೇ ಮೊದ್ಲು."

ಮಗ್ಗ ಒಳಗಿನ ಪಡಸಾಲೆಯಲ್ಲಿತ್ತು. ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ. ಅವರ ಸೀರೆಗೆ ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ; ಹಾಗಾಗಿ ಇಬ್ಬರು ಕೂರಬೇಕು. ನಡುವೆ ಕೂತವರು ನೇಯುವವರು, ಪಕ್ಕಕ್ಕೆ ಕೂತವರು ಅಂಚಿನ ಲಾಳಿ ಕೊಡುವವರು. ಗೆಳೆಯನ ಮಗ ನಡುವೆ ಕೂತ, ಸೊಸೆ ಪಕ್ಕಕ್ಕೆ. ಮಾಲೀಕ ಹೊರಗಿನ ಸದ್ದು ಬರದಂತೆ ಕಿಟಕಿಗೆ ಕಂಬಳಿ ಇಳಿಬಿಟ್ಟು, ಮೈಕು ಹಿಡಿದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ. ಮಗ ನೇಯತೊಡಗಿದ. ಸ್ವಲ್ಪ ಹೊತ್ತಿಗೆ ಮಾಲೀಕ ತಲೆಯಲ್ಲಾಡಿಸಿದ. ಮತ್ತೆ ಮಾಡಿಸಿದ. ಮತ್ತೆ ತಲೆಯಲ್ಲಾಡಿಸಿದ. ಲಯ ತಪ್ಪುತ್ತಿತ್ತು. ಮಗ ಬಲಗೈ ಎಳೆದಾಗಲೆಲ್ಲ ಮುಖ ಕಿವುಚುತ್ತಿದ್ದ.

ಗೆಳೆಯ ಬೀದಿ ಬಾಗಿಲ ಕಡೆ ಒಮ್ಮೆ ನೋಡಿ, "ಹೋಗ್ಲಿ ಬಿಡು, ಮೇಷ್ಟ್ರು ನಮ್ಮೋನೇ" ಅಂದ. ಮಗ ಎದ್ದು ಪಕ್ಕಕ್ಕೆ ಹೋದ. ಸೊಸೆ ಸರಿದು ನಡುವೆ ಕೂತಳು. ಆಮೇಲೆ ಬಂದ ಸದ್ದಿಗೆ ಮಾಲೀಕ ಕಣ್ಣು ಮುಚ್ಚಿಕೊಂಡು ಕೂತುಬಿಟ್ಟ.

ವಿಷಯ ಗೆಳೆಯನೇ ಹೇಳಿದ. ಮಗನ ಭುಜ ಜಾರಿ ವರ್ಷಗಳಾಗಿದ್ದವು. ಅಂದಿನಿಂದ ಆ ಮನೆಯ ಸೀರೆಗಳೆಲ್ಲ ಅವಳ ಕೈಯವು. ಸೀರೆ ಕೊಳ್ಳುವ ಸಾಹುಕಾರರಿಗೆ ಮಾತ್ರ ಗೊತ್ತಿರಲಿಲ್ಲ. ಅವರ ಸ್ಕೂಟರ್ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಅವಳು ಪಕ್ಕಕ್ಕೆ ಸರಿಯುತ್ತಾಳೆ, ಅವನು ನಡುವೆ ಕೂರುತ್ತಾನೆ. ಹೆಂಗಸು ನೇಯ್ದದ್ದು ಅಂದರೆ ಬೆಲೆ ಇಳಿಸುತ್ತಾರೆ ಎಂದು ಗೆಳೆಯನ ಭಯ. ಅದಕ್ಕಿಂತ ಹೆಚ್ಚಾಗಿ, ಮಗನ ಮಾನದ ಭಯ.

ಮಾಲೀಕ ಫೋನಿನಲ್ಲಿ ಕಾರ್ಟೂನು ತೋರಿಸಿದ, ಕಂಪನಿಯವರ ಕನ್ನಡ ಅನುವಾದ ಕೆಳಗೆ ಅಕ್ಷರದಲ್ಲಿ ಓಡುತ್ತಿತ್ತು. ಅವಳು ಮಗ್ಗದಲ್ಲೇ ಕೂತು ನೋಡಿದಳು. ಅಪ್ಪ ಅಂಬಲಿ ತಂದುಕೊಡುವುದನ್ನು ನೋಡಿ ಗಂಡನ ಕಡೆ ತಿರುಗಿ, "ನೋಡ್ರಿ, ಕಲೀರಿ" ಅಂದಳು. ಅವನು ನಕ್ಕ. ಹುಡುಗಿಯ ಮಾತು ಬಂದಾಗ ಅವಳು ಅದನ್ನು ತನ್ನಷ್ಟಕ್ಕೆ ಕನ್ನಡದಲ್ಲಿ ಅನ್ನತೊಡಗಿದಳು. ಚಿತ್ರದ ಬಾಯಿ ಮುಚ್ಚುವ ಹೊತ್ತಿಗೆ ಸರಿಯಾಗಿ ಅವಳೂ ನಿಲ್ಲಿಸುತ್ತಿದ್ದಳು. ತೆಳುವಲ್ಲದ, ಸ್ವಲ್ಪ ಒಡಕಿನ, ನೇರ ದನಿ. ಮಾಲೀಕ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಹುಡುಗಿಯ ಪಾತ್ರಕ್ಕೆ ನಮಗಿನ್ನೂ ದನಿ ಸಿಕ್ಕಿರಲಿಲ್ಲ.

ಕೇಳಿದಾಗ ಗೆಳೆಯ ಮೊದಲು ಬೇಡವೆಂದ. ನಾನು, "ನನ್ನ ಜವಾಬ್ದಾರಿ ಕಣಲೇ, ಗಂಡನ್ನೂ ಜೊತಿಗೆ ಕಳ್ಸು" ಅಂದೆ. ಅವಳು ಕೇಳಿದ್ದು ಒಂದೇ.

"ಕೊನಿಗೆ ಹೆಸರು ಹಾಕ್ತಾರೇನ್ರಿ ಮೇಷ್ಟ್ರೆ?"

"ಹಾಕ್ತಾರವ್ವ. ದನಿ ಕೊಟ್ಟೋರ ಹೆಸರು ಹಾಕ್ಲೇಬೇಕು."

ಆಗ ಅವಳು ಮಾವನ ಕಡೆ ತಿರುಗಿ, ನಗುತ್ತಲೇ, ಆದರೆ ಬಿಡದೆ ಅಂದಳು: "ಮಾವ, ಟಿ.ವಿ.ಲಿ ನನ್ನ ಹೆಸರು ಬಂದ್ರೆ, ಸಾಹುಕಾರ್ರು ಬಂದಾಗ ನಾನು ಸರಿಯಲ್ಲ. ಇಲ್ಲೇ ಕೂತಿರ್ತೀನಿ. ಆಗ್ಬೋದಾ?"

"ಟಿ.ವಿ.ಲೇ ಬಂದ್ಮೇಲೆ ಸಾಹುಕಾರ ಏನು, ಅವನಪ್ಪ ಬಂದ್ರೂ ಕೂತ್ಕೋ" ಅಂದ ಗೆಳೆಯ. "ಮೇಷ್ಟ್ರು ಸಾಕ್ಷಿ."

ನಾನು ಸಾಕ್ಷಿಯೆಂದು ತಲೆಯಾಡಿಸಿದೆ.

ಅವರಿಬ್ಬರೂ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಗಂಡ ಮೆಟ್ಟಿಲ ಮೇಲೆ ಕೂತು ಗಿರಣಿಯ ಹಮಾಲರೊಂದಿಗೆ ಹರಟುತ್ತಿದ್ದ. ಅವಳು ಕಂಬಳಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ನಿಲ್ಲುತ್ತಿದ್ದಳು. ಕಿವಿಯಲ್ಲಿ ಮೂರು ಸಲ 'ಪೀಂ' ಎಂದು ಬಂದು, ನಾಲ್ಕನೆಯದು ಬರಬೇಕಾದ ಜಾಗದಲ್ಲಿ ಮಾತು ಶುರು ಮಾಡಬೇಕು. ಎಷ್ಟೋ ನಾಟಕದವರು ಅಲ್ಲಿ ತಡವರಿಸಿದ್ದನ್ನು ನೋಡಿದ್ದೇನೆ. ಅವಳಿಗೆ ಅದು ಲಾಳಿ ಎಸೆದ ಹಾಗೆ. ಕಾಗದ ಸರಸರ ಅನ್ನುತ್ತದೆಂದು ಅದನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ, ಬಾಯಿಪಾಠ ಮಾಡಿಬಿಡುತ್ತಿದ್ದಳು. ಬೆವರು ಹಣೆಯಿಂದ ಇಳಿದು ಮೂಗಿನ ತುದಿಗೆ ಬಂದರೂ ಮಾತು ಮುಗಿಯುವ ತನಕ ಒರೆಸಿಕೊಳ್ಳುತ್ತಿರಲಿಲ್ಲ.

ನನ್ನ ತಿದ್ದುಪಡಿಗಳು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. "ಅಪ್ಪ ಕಲಿಸಿದ" ಅನ್ನುವ ಕಡೆ ನಿಂತು, "ಅವತ್ತು ಫೋನ್ನಾಗೆ ಯಾರೂ ಕಲಿಸಿಲ್ಲ ಅಂತಿದ್ಲಲ್ರಿ?" ಅಂದಳು. "ಕನ್ನಡಕ್ಕೆ ಹಿಂಗೇ ಒಪ್ಪೋದು" ಅಂದೆ. ಅವಳು ಒಪ್ಪಿಕೊಂಡು ಹೇಳಿದಳು. ಹೇಳುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಒಂದು ಮಧ್ಯಾಹ್ನ ಪಂದ್ಯದ ಭಾಗ ಮುಗಿಯಿತು. ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿಕೊಂಡು ಕೂತಿದ್ದೆವು. ಮಾಲೀಕ ಮುದ್ರಿಸಿದ್ದನ್ನು ಹಾಕಿ ಕೇಳಿಸುತ್ತ ತಮಾಷೆಗೆ ಅಂದ: "ಮೇಷ್ಟ್ರೆ, ಬೇಜಾರಾಗ್ಬೇಡ್ರಿ. ನಿಮ್ಮ ಕಾಲದ ಹೆಣ್ಣು ಪಾತ್ರ ಎಲ್ಲಾ ಈಯಮ್ಮನ ಮುಂದೆ ನಿವಾಳಿಸಿ ಬಿಸಾಕ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈಯಲ್ಲಿದ್ದ ಬಜ್ಜಿಯನ್ನು ಮಾತ್ರ ವಾಪಸ್ ಕಾಗದದ ಮೇಲಿಟ್ಟೆ.

ಇದನ್ನು ಬರೆಯುವುದೇ ಕಷ್ಟ. ಹೆಣ್ಣು ಹೆಣ್ಣಿನ ಹಾಗಿರಬೇಕು, ಮಕ್ಕಳು ನೋಡುತ್ತಾರೆ, ಊರು ಒಪ್ಪಬೇಕು ಎಂದೆಲ್ಲ ನಾನು ಆಮೇಲೆ ಕಾರಣ ಕೊಟ್ಟಿದ್ದೇನೆ. ಅವೆಲ್ಲ ಸ್ವಲ್ಪಸ್ವಲ್ಪ ನಿಜ. ಆದರೆ ಅಂದು ಮಧ್ಯಾಹ್ನ ನನ್ನನ್ನು ಹಿಡಿದದ್ದು ಹೊಟ್ಟೆಕಿಚ್ಚು. ನಾನು ಸೀರೆಯುಟ್ಟು ರಂಗದ ಮೇಲೆ ಅತ್ತರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಹೆಸರನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೆ. ಇವಳು ಅಳದೆಯೇ ನನ್ನನ್ನು ಸೋಲಿಸಿದ್ದಳು.

ಆ ರಾತ್ರಿ ಮನೆಯಲ್ಲಿ ಕೊನೆಯ ದೃಶ್ಯವನ್ನು ತಿದ್ದಿ ಬರೆದೆ. ದೇವತೆ ಬಟ್ಟೆ ಹರಿಯುವಾಗ ಚಿತ್ರದಲ್ಲಿ ಹುಡುಗಿ ಬಾಯಿ ಮುಚ್ಚಿ ನಿಂತಿರುತ್ತಾಳೆ. ಬಿಕ್ಕುವುದಕ್ಕೆ ಬಾಯಿ ತೆರೆಯಬೇಕಿಲ್ಲ, ಅಲ್ಲಿ ಬಿಕ್ಕಿದರಾಯಿತು. ಆಮೇಲೆ ಸ್ವಲ್ಪ ಹೊತ್ತು ದೇವತೆಯ ಮುಖವಷ್ಟೇ ಕಾಣುತ್ತದೆ, ಹುಡುಗಿಯ ಬೆನ್ನು ನಮ್ಮ ಕಡೆ. ಮುಖ ಕಾಣದ ಕಡೆ ಎಷ್ಟು ಮಾತು ಬೇಕಾದರೂ ತುಂಬಬಹುದು. ನಾನು ತುಂಬಿದೆ: "ತಪ್ಪಾಯಿತು ತಾಯಿ. ಅಪ್ಪ ಕಲಿಸಿದ ವಿದ್ಯೆಯನ್ನು ನನ್ನದು ಅಂದುಕೊಂಡೆ. ಹೆಣ್ಣು ಬುದ್ಧಿ, ಕ್ಷಮಿಸು." ಕೊನೆಯಲ್ಲಿ ಅವಳ ಮುಖ ಮತ್ತೆ ಕಂಡು ಬಾಯಿ ತೆರೆಯುವ ಕಡೆ, "ಹರಿದರೇನು, ನೇಯ್ದವಳು ನಾನೇ" ತೆಗೆದು, "ಹರಿದುಬಿಡು, ಪಾಪಿ ನಾನೇ" ಎಂದು ಕೂರಿಸಿದೆ. ಬಾಯಿಗೆ ಚೆನ್ನಾಗಿ ಕೂತಿತು. ಕೆಲಸದವನಾಗಿ ಅಂದು ನನಗೆ ಖುಷಿಯೇ ಆಗಿತ್ತು.

ಬೆಳಿಗ್ಗೆ ಅವಳು ಓದಿದಳು. ಮತ್ತೊಮ್ಮೆ ಓದಿದಳು. ಹೆಡ್‌ಫೋನ್ ತೆಗೆದಳು.

"ಇದು ಯಾರ ಮಾತ್ರಿ?"

"ಹುಡುಗೀದು."

"ಆಕಿ ಗೆದ್ದಾಳಲ್ರಿ. ಗೆದ್ದೋಳು ಯಾಕ್ ಅಳ್ತಾಳೆ?"

"ದೇವರ ಮುಂದೆ ಗೆಲ್ಲೋದು ಸೋಲೋದು ಇರಲ್ಲವ್ವ. ಇಲ್ಲಿ ಅತ್ರೇ ರಸ ಬರೋದು."

"ಬಾಯಿ ಮುಚ್ಚೈತೆ ನೋಡ್ರಿ. ಹಲ್ಲು ಕಚ್ಕೊಂಡು ನಿಂತಾಳೆ. ಅಳೋರ ಮುಖ ಏನ್ರಿ ಅದು?"

ಗಾಜಿನ ಆಚೆಯಿಂದ ಮಾಲೀಕ, "ಮೇಷ್ಟ್ರೆ, ಮೊದಲಿಂದೇ ಇರ್ಲಿ ಬಿಡ್ರಿ, ಈಗ ಗಿರಣಿ ಶುರು ಆಗ್ತೈತೆ" ಅಂದ. ಅಷ್ಟರಲ್ಲಿ ಬಿಡಬಹುದಿತ್ತು. ನಾನು ಒಳಗೆ ಹೋದೆ. ಮೈಕು ಚಾಲೂ ಇದೆ, ಮಾಲೀಕನಿಗೆ ಎಲ್ಲ ಕೇಳಿಸುತ್ತದೆ ಎಂಬುದು ನೆನಪಿರಲಿಲ್ಲ.

"ಎಷ್ಟು ಹೆಣ್ಣು ಪಾತ್ರ ಮಾಡೀನಿ ಗೊತ್ತೇನು ನಾನು? ಹೆಣ್ಣು ಎಲ್ಲಿ ಅಳ್ತಾಳೆ, ಎಲ್ಲಿ ಬಾಗ್ತಾಳೆ ಅಂತ ನನಗೇ ಹೇಳ್ಕೊಡ್ತೀಯಾ?"

ಅವಳು ದನಿ ಏರಿಸಲಿಲ್ಲ. "ನೀವು ಪಾತ್ರ ಮಾಡೀರಿ ಮೇಷ್ಟ್ರೆ. ಬೆಳಗಾದ ಮೇಲೆ ಸೀರೆ ಬಿಚ್ಚಿಟ್ಟು ಮನಿಗೆ ಹೋಗೀರಿ. ನಾನು ಎಲ್ಲಿ ಬಿಚ್ಚಿಡ್ಲಿ?"

"ಇವತ್ತಿಗೆ ಸಾಕು, ಹೋಗು" ಅಂದೆ. "ಉಳಿದದ್ದು ಯಾವಾಗ?" ಅಂದಳು. "ಹೇಳಿ ಕಳಿಸ್ತೀನಿ" ಅಂದೆ. ಅವರ ಬಸ್ಸು ತಳಕು ದಾಟುವ ಮುಂಚೆಯೇ ಗೆಳೆಯನಿಗೆ ಫೋನ್ ಮಾಡಿ, "ಕೆಲ್ಸ ಮುಗೀತು ಕಣಲೇ, ಇನ್ನು ಕಳಿಸ್ಬೇಡ. ನಿನ್ನ ಸೊಸೀಗೆ ಮಾತು ಜಾಸ್ತಿ" ಅಂದೆ.

ಕಂಪನಿಗೆ ಕಳಿಸುವ ದಿನ ಹತ್ತಿರವಾಗಿತ್ತು. ಆ ಒಂದು ದೃಶ್ಯಕ್ಕೆ ಬೇರೆ ಹೆಂಗಸನ್ನು ಕರೆತಂದರೆ ದನಿ ಎರಡಾಗುತ್ತದೆ ಎಂದು ಮಾಲೀಕ ಅಂದ. ಹಾಗಾದರೆ ಪೂರ್ತಿ ನಾನೇ ಮಾಡುತ್ತೇನೆ ಅಂದೆ.

"ಮೇಷ್ಟ್ರೆ, ಚೆನ್ನಾಗಿ ಬಂದಿರೋದನ್ನ ಅಳಿಸೋದಾ?"

"ಮಾತು ಕೂರ್ಸಿದೋನು ನಾನು. ಹೆಂಗೆ ಬೇಕು ಅಂತ ನನಗೆ ಗೊತ್ತು."

ಅವನಿಗೆ ಮುಂದಿನ ಕಂತುಗಳಿಗೆ ನಾನು ಬೇಕಿತ್ತು. ಮೈಕು ಸರಿಮಾಡಿಕೊಟ್ಟ. ಈ ನಿರ್ಧಾರ ನನ್ನದು, ಅವನದಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕಂಬಳಿ ಕೋಣೆಯಲ್ಲಿ ಅವಳು ನಿಂತಿದ್ದ ಜಾಗದಲ್ಲಿ ನಿಂತು, ಅವಳ ಒಂದೊಂದು ಮಾತಿನ ಮೇಲೂ ನನ್ನ ಮಾತು ಮುದ್ರಿಸಿದೆ. ನನ್ನ ಹಳೆಯ ರಾಣಿಯ ದನಿ ಒಣಗಿಹೋಗಿತ್ತು. ಎರಡು ಸಾಲಿಗೊಮ್ಮೆ ಕೆಮ್ಮು, ಹಲ್ಲಿಲ್ಲದ ಕಡೆ ಗಾಳಿ. ಮಾಲೀಕ ಕಂಪ್ಯೂಟರಿನಲ್ಲಿ ಅದನ್ನು ಎತ್ತರಿಸಿದ, ಗಾಳಿ ಕತ್ತರಿಸಿದ, ಕೆಮ್ಮು ಕೆರೆದು ತೆಗೆದ. ಎತ್ತರಿಸಿದಷ್ಟೂ ಅದು ತಗಡಿನಂತಾಗುತ್ತಿತ್ತು, ಇಳಿಸಿದರೆ ಮುದುಕನಾಗುತ್ತಿತ್ತು. ಬಿಕ್ಕುವ ಕಡೆ ಮಾತ್ರ ನಾನು ಒಂದೇ ಸಲಕ್ಕೆ ಮಾಡಿದೆ. ಹೊರಗೆ ಬಂದು ಕುರ್ಚಿಯಲ್ಲಿ ಕೂತೆ. ಮಾಲೀಕ ಶಹಬ್ಬಾಸ್ ಅನ್ನುತ್ತಾನೆಂದು ಕಾದೆ. ಅವನು ನೀರಿನ ಬಾಟಲಿ ಕೊಟ್ಟ.

ಹುಡುಗಿಯ ದನಿಗೆ ಯಾರ ಹೆಸರು ಕಳಿಸಲಿ ಎಂದು ಕೇಳಿದ. ನನ್ನದು ಅಂದೆ.

ಕಂಪನಿಯವರು ಬಾಯಿ ಸರಿಯಾಗಿ ಕೂತಿದೆ ಅಂದರು, ಅಷ್ಟೇ. ಉಳಿದ ಕಂತುಗಳು ನಮಗೆ ಬರಲಿಲ್ಲ, ಯಾಕೆಂದೂ ಹೇಳಲಿಲ್ಲ. ಈ ಒಂದು ಕಂತು ಟಿ.ವಿ.ಯಲ್ಲಿ ಬರುವ ದಿನ ಮಾಲೀಕ ತನ್ನ ವಾಟ್ಸಾಪಿನಲ್ಲಿ ಹಾಕಿಕೊಂಡ. ಅದನ್ನು ಮೊಳಕಾಲ್ಮೂರಿನವರೂ ನೋಡುತ್ತಾರೆಂದು ನನಗೆ ಗೊತ್ತಿತ್ತು. ಅವಳಿಗೆ ಒಂದು ಮಾತು ಹೇಳಿಬಿಡೋಣವೆಂದು ಫೋನ್ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಹಾಗೆ ಎತ್ತುವುದು ಇಡುವುದರಲ್ಲಿ ಆ ದಿನವೇ ಬಂದುಬಿಟ್ಟಿತು.

ಅಂದು ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಅವಳ ಗಂಡ. ಬಹಳ ದಿನದ ಮೇಲೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಜಗಳವಾಡಲು ಬಂದವನಂತಿರಲಿಲ್ಲ. ಟೀ ಕುಡಿಸಿ, ಲೋಟ ನೋಡುತ್ತ ಹೇಳಿದ.

ಓಣಿಯ ಹೆಂಗಸರೆಲ್ಲ ಬಂದಿದ್ದರಂತೆ. ಅವಳೇ ಕರೆದಿದ್ದಳು. ಟಿ.ವಿ.ಯನ್ನು ಪಡಸಾಲೆಗೆ ತಂದು, ಮಗ್ಗದ ಎದುರು ಇಟ್ಟಿದ್ದರು. ಸೀರೆ ಸಾಹುಕಾರನನ್ನೂ ಮಾವ ಕರೆದಿದ್ದ. ಅವನು ಕುರ್ಚಿಯಲ್ಲಿ, ಉಳಿದವರು ಚಾಪೆಯಲ್ಲಿ. ಅವಳು ಮಗ್ಗದ ನಡುವಿನ ಜಾಗದಲ್ಲಿ ಹೋಗಿ ಕೂತಿದ್ದಳು. ಸ್ಕೂಟರ್ ಸದ್ದಿಗೆ ಎದ್ದಿರಲಿಲ್ಲ. ಕಂತು ಶುರುವಾಯಿತು. ಹುಡುಗಿ ಬಾಯಿ ತೆರೆದಳು.

"ಎಲ್ಲರೂ ಆಕೀ ಮುಖ ನೋಡಿದ್ರು ಮೇಷ್ಟ್ರೆ. ಆಮೇಲೆ ನಮ್ಮಪ್ಪ ತೊಡೆ ತಟ್ಕೊಂಡು ನಗಾಕೆ ಹತ್ತಿದ. 'ಅಲೇ, ಇದು ನನ್ನ ರಾಣಿ ಕಣ್ರಲೇ! ನಮ್ಮ ಮೇಷ್ಟ್ರು!' ಅಂದ. ಎಲ್ಲರೂ ನಕ್ಕರು."

ನಾನು ಟೀ ಕುಡಿಯುತ್ತಿದ್ದೆ.

"ಯಾರೋ ಒಬ್ಬಾಕಿ ಕೇಳಿದ್ಲು, 'ಹಂಗಾದ್ರೆ ಇವಳು ಚಳ್ಳಕೆರೆಗೆ ದಿನಾ ಯಾಕೆ ಹೋಗ್ತಿದ್ಲು?' ಅಂತ. ನಾನು ಜೊತೇಲಿದ್ದೆ ಅಂದೆ. ಯಾರು ಕೇಳ್ತಾರ್ರಿ."

"ಆಕೆ?"

"ಅಲ್ಲೇ ಮಗ್ಗದಾಗೆ ಕೂತಿದ್ಲು. ಮಗ್ಗದ ಸದ್ದು ಬಂತಲ್ರಿ ಟಿ.ವಿ.ನಾಗೆ, ಅದು ಆಕೀದೇ ಅಲ್ವಾ? ಸಾಹುಕಾರ್ರು, 'ಇದ್ಯಾರು ನೇಯ್ತಿರೋದು, ಒಳ್ಳೆ ಕೈ' ಅಂದ್ರು. ನಮ್ಮಪ್ಪ 'ನನ್ನ ಮಗ' ಅಂದ. ನಾನೂ ಹೌದು ಅಂದ್ಬಿಟ್ಟೆ ಮೇಷ್ಟ್ರೆ. ಬಾಯಿಗೆ ಅದೇ ಬಂತು."

ಕೊನೆಯಲ್ಲಿ ಹೆಸರುಗಳು ಬಂದಾಗ ಅವಳು ಹತ್ತಿರ ಹೋಗಿ ನಿಂತು ಓದಿದಳಂತೆ. ಬೇಗ ಹೋಗಿಬಿಡುವ ಸಣ್ಣ ಅಕ್ಷರ. ಆಮೇಲೆ ಬಂದು ನಡುವೆ ಕೂರಲಿಲ್ಲ, ಪಕ್ಕಕ್ಕೆ ಕೂತಳು. ಮರುದಿನವೂ ಪಕ್ಕಕ್ಕೆ. ಗಂಡ ಬೇಡಿಕೊಂಡರೂ ಸರಿಯಲಿಲ್ಲ. ಹೊರಗೆ ಹೋಗಿ ಬಂದ ಮೇಲೆ ಸೊಸೆಗೆ ಮಾತು ಜಾಸ್ತಿಯಾಯಿತೆಂದು ಮಾವ ರಾಯದುರ್ಗದ ಕಡೆಯಿಂದ ಒಬ್ಬ ಕೂಲಿ ನೇಕಾರನನ್ನು ಕರೆಸಿದ. 'ಮಾತು ಜಾಸ್ತಿ' ಎಂಬ ಮಾತು ಅವನಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು.

ನಾನು ಒಮ್ಮೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆ ಮನೆಯಲ್ಲಿ ಹೊಸ ನೇಕಾರ ಮಗ್ಗದಲ್ಲಿದ್ದ. ಅವಳು ಮೂಲೆಯಲ್ಲಿ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. "ಬರ್ರಿ ಮೇಷ್ಟ್ರೆ" ಅಂದಳು, ಮೊದಲಿನಂತೆಯೇ. ಎದ್ದು ಹೋಗಿ ನೀರು ತಂದುಕೊಟ್ಟಳು. ಗೆಳೆಯ ರಾಣಿ ರಾಣಿ ಎಂದು ಕೂಗಿ, ಟಿ.ವಿ.ಯಲ್ಲಿ ಹೇಗೆ ಬಿಕ್ಕಿದೆಯೋ ಹಾಗೆ ಒಮ್ಮೆ ಬಿಕ್ಕಿ ತೋರಿಸು ಎಂದು ಕಾಡಿದ. ತೋರಿಸ್ರಿ ಎಂದು ಓಣಿಯ ಮಕ್ಕಳೂ ಸುತ್ತ ಕೂತರು.

ನಾನು ಬಿಕ್ಕಿ ತೋರಿಸಿದೆ.

ಎಲ್ಲರೂ ನಕ್ಕರು. ಅವಳು ರಾಟೆ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಕೆಲಸ ಮುಗಿಯದ ದಿನ ಸಂಜೆಯಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡುತ್ತಾರಲ್ಲ, ಹಾಗೆ. ಮತ್ತೆ ರಾಟೆ ತಿರುಗಿಸಿದಳು. ಇಲ್ಲದ ತಪ್ಪಿಗೆ ಒಂದು ಕಾರ್ಟೂನಿನ ಹುಡುಗಿಯಿಂದ ನಿರಾಯಾಸವಾಗಿ ಹೇಳಿಸಿದ 'ತಪ್ಪಾಯಿತು' ಎಂಬ ಆ ಒಂದು ಮಾತು, ಇದ್ದ ತಪ್ಪಿಗೆ ನನ್ನ ಬಾಯಿಗೆ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಗೆಳೆಯ ಹೋದ ವರ್ಷ ತೀರಿಕೊಂಡ. ಮಣ್ಣಿಗೆ ಹೋದಾಗಲೂ ಹೆಂಗಸರ ಗುಂಪಿನಲ್ಲಿ ಅವಳನ್ನು ಕಂಡೆ, ಹತ್ತಿರ ಹೋಗಲಿಲ್ಲ. ಅವಳ ಮಾತು ಮುದ್ರಿಸಿದ್ದು ಉಳಿದಿದೆಯೇ ಎಂದು ಮಾಲೀಕನನ್ನು ಕೇಳಿದ್ದೇನೆ. ಅದರ ಮೇಲೆಯೇ ನನ್ನದನ್ನು ಹಾಕಿದ್ದರಿಂದ ಉಳಿದಿಲ್ಲವಂತೆ. ಮಗ್ಗದ ಸದ್ದಷ್ಟೇ ಇದೆ. ಕಂತು ಈಗಲೂ ಆಗಾಗ ಟಿ.ವಿ.ಯಲ್ಲಿ ಬರುತ್ತದೆ. ನಾನು ಅದನ್ನು ನೋಡುವುದಿಲ್ಲ. ಕಣ್ಣು ಮುಚ್ಚಿಕೊಂಡು, ಹುಡುಗಿ ಮಾತಾಡದ ಕಡೆಗಳನ್ನು ಮಾತ್ರ ಕೇಳುತ್ತೇನೆ.

ಬರೆಯುವಾಗ ಅವಳ ಹೆಸರು ಹಾಕಬೇಕೋ ಬೇಡವೋ ಎಂದು ಬಹಳ ತೂಗಿದೆ. ಉಳಿದವರ ಹೆಸರನ್ನು ಬಿಟ್ಟಿದ್ದೇನೆ. ಸೀರೆಯ ಮೇಲೆ ಅವಳ ಹೆಸರು ಬರಲಿಲ್ಲ, ಟಿ.ವಿ.ಯಲ್ಲಿ ಬರಲಿಲ್ಲ. ಇಲ್ಲಿಯೂ ಬಿಟ್ಟರೆ ಅದನ್ನು ಮತ್ತೆ ಅಳಿಸಿದವನು ನಾನೇ ಆಗುತ್ತೇನೆ. ಆ ಕಂತಿನಲ್ಲಿ ಕೇಳುವ ಮಗ್ಗ ಅವಳ ಕೈಯದು. ಆ ಹುಡುಗಿಯ ನಿಜವಾದ ದನಿ ಅವಳದು. ಮೊಳಕಾಲ್ಮೂರಿನ ನೇಕಾರಳು, ಸುಂಕಮ್ಮ.